ವಾರದ ಯಜಮಾನ

ಬೀಗದ ಭಾವ ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದುದು ಮನೆಯವರ ಮುಖವನ್ನಲ್ಲ, ಬಾಗಿಲ ಬೀಗವನ್ನು. ಒಳಗಿನಿಂದ ಎಷ್ಟೇ ಕರೆದರೂ ಹೊಸ್ತಿಲಾಚೆ ನಿಂತು, ಹೆಬ್ಬೆರಳಿನಿಂದ ಚಿಲಕವನ್ನು ಎರಡು ಸಲ ಒತ್ತಿ, ಕಿವಿಗೊಟ್ಟು ಕೇಳಿ, "ಸಡಿಲ ಇದೆ" ಎಂದು ಹೇಳಿದ ಮೇಲೆಯೇ ಒಳಗೆ ಕಾಲಿಡುತ್ತಿದ್ದರು. ನನ್ನ ಗಂಡ ತೀರಿಕೊಂಡ ದಿನವೂ ಹಾಗೆಯೇ ಮಾಡಿದರು. ಅದರಲ್ಲಿ ಅಗೌರವವೇನೂ ಇರಲಿಲ್ಲ. ಮಾರನೆಯ ದಿನ ಬಂದು, ಯಾರೂ ಹೇಳದಿದ್ದರೂ, ಆ ಚಿಲಕವನ್ನು ಬಿಗಿ ಮಾಡಿಕೊಟ್ಟು ಹೋದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೈಮೇಲೆ ಸದಾ ಒಂದೇ ಕಂದು ಕೋಟು. ಎಡಜೇಬಿನಲ್ಲಿ ಅರಗಳು, ಬಲಜೇಬಿನಲ್ಲಿ ಕೀಲಿಕೈಗಳ ಗೊಂಚಲು. ಆ ಭಾರಕ್ಕೆ ದೇಹ ಬಲಕ್ಕೆ ವಾಲಿ, ನೆಟ್ಟಗಿನ ರಸ್ತೆಯಲ್ಲೂ ತಿರುವಿನಲ್ಲಿ ನಡೆಯುವವರಂತೆ ಕಾಣುತ್ತಿದ್ದರು. ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಅವರ ಅಂಗಡಿ; ಒಬ್ಬ ಗಿರಾಕಿ ಒಳಗೆ ಬರಬೇಕಾದರೆ ಇನ್ನೊಬ್ಬ ಹೊರಗೆ ಹೋಗಬೇಕು. ನಲವತ್ತು ವರ್ಷ ಊರಿನವರ ಬಾಗಿಲು ತೆರೆದುಕೊಟ್ಟ ಮನುಷ್ಯ, ತಾವಿದ್ದದ್ದು ಮಾತ್ರ ಬಾಡಿಗೆ ಮನೆಯಲ್ಲಿ.

ಒಮ್ಮೆ ಯಾವುದೋ ಹೋಟೆಲಿನಲ್ಲಿ ಊಟ ಹಾಕಿ, ಬಿಟ್ಟಿ ಸೂಟ್‌ಕೇಸ್ ಕೊಡುತ್ತಾರೆಂದು ಫೋನ್ ಬಂದು, ಅಕ್ಕ ಭಾವ ಇಬ್ಬರೂ ಹೋದರು. ಟೈ ಕಟ್ಟಿದವನೊಬ್ಬ ಬೆಟ್ಟದ ಮೇಲಿನ ರೆಸಾರ್ಟಿನ ಚಿತ್ರಗಳನ್ನು ಹರಡಿ, ಇದಕ್ಕೆ ಟೈಮ್‌ಶೇರ್ ಎನ್ನುತ್ತಾರೆ, ಇಪ್ಪತ್ತೈದು ವರ್ಷ, ವರ್ಷಕ್ಕೊಂದು ವಾರ, ಅಡುಗೆಮನೆ ಸಮೇತ ಕೋಣೆ ಎಂದೆಲ್ಲ ವಿವರಿಸಿದ. ಭಾವ ಅಲುಗಲಿಲ್ಲ. ಕೊನೆಗೆ ಅವನು, "ಇವತ್ತಿಂದ ನೀವು ಬಾಡಿಗೆಯವರಲ್ಲ ಯಜಮಾನ್ರೇ, ಮಾಲೀಕರು" ಎಂದ. ಬಾಡಿಗೆ ಮನೆಯಲ್ಲೇ ತಲೆ ನರೆತವರು ಆ ಒಂದು ಮಾತಿಗೆ ಪೆನ್ನು ತೆಗೆದರು. "ಆ ಸೂಟ್‌ಕೇಸಿನ ಬೀಗವೇ ಸರಿಯಾಗಿ ಕೂರ್ತಿರಲಿಲ್ಲ. ಬೀಗದ ಮನುಷ್ಯನಿಗೆ ಅಲ್ಲೇ ಗೊತ್ತಾಗ್ಬೇಡ್ವೇನೇ?" ಎಂದು ಅಕ್ಕ ಎಷ್ಟೋ ಸಲ ನನ್ನ ಮುಂದೆ ನಕ್ಕಿದ್ದಾಳೆ.

ಮೊದಲ ವರ್ಷ ಬೆಟ್ಟಕ್ಕೆ ಹೋದಾಗ ಭಾವ ಬೇರೆ ಯಾರೂ ಮಾಡದ ಒಂದು ಕೆಲಸ ಮಾಡಿ ಬಂದರು. ವಾರ ಮುಗಿದು ಹೊರಡುವಾಗ ಕಂಬಳಿ, ಚಪ್ಪಲಿ, ಒಂದು ಪಾತ್ರೆಯನ್ನು ಕೋಣೆಯ ಕಪಾಟಿನಲ್ಲಿಟ್ಟು, ತಾವೇ ಮಾಡಿದ ಬೀಗ ಜಡಿದರು. ನಮ್ಮ ಕೋಣೆ, ಬರುವ ವರ್ಷಕ್ಕೆ ಇರಲಿ ಎಂಬ ಲೆಕ್ಕ. ಬರುವ ವರ್ಷ ಹೋದರೆ ಕೊಟ್ಟದ್ದು ಬೇರೆ ಕೋಣೆ. ಹಳೆಯ ಕೋಣೆಯ ಬಾಗಿಲಲ್ಲಿ ನಿಂತು, ಒಳಗಿದ್ದ ಅಪರಿಚಿತ ದಂಪತಿಗಳಿಗೆ "ಜರುಗಿ, ನನ್ನ ಕಪಾಟಿದೆ" ಎನ್ನುತ್ತಿದ್ದವರನ್ನು ಮ್ಯಾನೇಜರು ಬಂದು ಕರೆದೊಯ್ದ.

"ನಿಮ್ಮದು ವಾರ ಯಜಮಾನ್ರೇ, ಕೋಣೆಯಲ್ಲ. ಯಾವ ಕೋಣೆ ಖಾಲಿಯೋ ಅದು. ನಿಮ್ಮ ಬೀಗ ಒಡೆಯೋಷ್ಟರಲ್ಲಿ ನಮ್ಮ ಹುಡುಗರ ಪ್ರಾಣ ಹೋಯ್ತು."

"ಎಷ್ಟು ಹೊತ್ತು ಹಿಡೀತು?"

"ಬೆಳಿಗ್ಗೆ ಶುರು ಮಾಡಿದ್ದು ಮಧ್ಯಾಹ್ನ ಆಯ್ತು. ಮೂರು ಬ್ಲೇಡು ಮುರೀತು."

ಕೋಣೆ ತಮ್ಮದಲ್ಲವೆಂದು ತಿಳಿದ ದುಃಖವನ್ನು ಆ ಮೂರು ಬ್ಲೇಡುಗಳು ಅಳಿಸಿಹಾಕಿದವು. ಊರಿಗೆ ಬಂದು ತಿಂಗಳುಗಟ್ಟಲೆ ಗಿರಾಕಿಗಳಿಗೆ ಅದನ್ನೇ ಹೇಳಿದರು.

ಹೋಗಲಿ ಬಿಡಲಿ, ವರ್ಷಕ್ಕೊಮ್ಮೆ ನಿರ್ವಹಣಾ ಶುಲ್ಕ ಕಟ್ಟಲೇಬೇಕು. ಅದೋ ವರ್ಷದಿಂದ ವರ್ಷಕ್ಕೆ ಏರುವುದೇ ಹೊರತು ಇಳಿಯುವುದಿಲ್ಲ. ಅದನ್ನು ಕಟ್ಟಿ ಬೆಟ್ಟಕ್ಕೆ ಹೋಗಿಬರುವಷ್ಟರಲ್ಲಿ ಇನ್ನೊಂದು ಪ್ರಯಾಣದ ಮಾತೆತ್ತುವ ಹಾಗಿರಲಿಲ್ಲ. ಹೀಗೆ ಆರು ವರ್ಷ ಅದೇ ಬೆಟ್ಟ, ಅದೇ ಮಂಜು. ಏಳನೆಯ ವರ್ಷ ಅಕ್ಕನ ಕಣ್ಣು ಕೆಟ್ಟಿತು. ಸುತ್ತಲಿನದು ಕಾಣುತ್ತದೆ, ನೆಟ್ಟಗೆ ನೋಡಿದ್ದು ಮಾತ್ರ ಕಾಣುವುದಿಲ್ಲ. ಎದುರಿಗಿರುವ ಮುಖ ನೋಡಬೇಕಾದರೆ ಪಕ್ಕಕ್ಕೆ ತಿರುಗಬೇಕು. ಇದು ಇನ್ನೂ ಹರಡುತ್ತದೆ, ನೋಡಬೇಕಾದ್ದನ್ನು ಬೇಗ ನೋಡಿಕೊಳ್ಳಿ ಎಂದರು ಡಾಕ್ಟರು. ಅಕ್ಕ ಕೇಳಿದ್ದು ಒಂದೇ: ಸಮುದ್ರ. ಅವಳು ಅದನ್ನು ಕಂಡವಳಲ್ಲ.

ರೆಸಾರ್ಟಿನವರು ಕೊಟ್ಟಿದ್ದ ನಿಯಮದ ಪುಸ್ತಕವನ್ನು ಅಕ್ಕ ನನ್ನ ಕೈಗೆ ಕೊಟ್ಟಳು. ನನ್ನ ಓದು ಬೆರಳಿಟ್ಟು ಓದುವ ಓದು. ಇಪ್ಪತ್ತೆರಡು ಪುಟಕ್ಕೆ ನಾಲ್ಕು ದಿನ ಹಿಡಿಯಿತು. ಹದಿನಾಲ್ಕನೆಯ ಪುಟದಲ್ಲಿ ದಾರಿ ಇತ್ತು. ನಮ್ಮ ವಾರವನ್ನು ಒಂಬತ್ತು ತಿಂಗಳು ಮುಂಚೆ ವಿನಿಮಯದ ಕಂಪನಿಗೆ ಒಪ್ಪಿಸಿದರೆ, ಅಷ್ಟೇ ಬೇಡಿಕೆಯ ಇನ್ನೊಂದು ಜಾಗದ ವಾರವನ್ನು ಅವರು ಹುಡುಕಿಕೊಡುತ್ತಾರೆ. ಅದಕ್ಕೆ ಬೇರೆ ಶುಲ್ಕ. ಆದರೆ ಒಮ್ಮೆ ಒಪ್ಪಿಸಿದ ಮೇಲೆ, ಕೇಳಿದ್ದು ಸಿಗಲಿ ಬಿಡಲಿ, ಆ ವರ್ಷ ನಮ್ಮ ವಾರ ನಮ್ಮದಲ್ಲ.

ಭಾವ ಹಿಡಿದುಕೊಂಡದ್ದು ಈ ಕೊನೆಯ ಮಾತನ್ನು.

"ನನ್ನ ಮನೆ ಯಾರ ಕೈಗೋ ಕೊಟ್ಟು, ನಾನು ಇನ್ಯಾರದೋ ಮನೇಲಿ ಮಲಗ್ಬೇಕಾ?"

"ಮದುವೆಯಾದಾಗಿಂದ ಇನ್ಯಾರದೋ ಮನೇಲೇ ತಾನೇ ಮಲಗಿರೋದು? ಬೆನ್ನಿಗೆ ಅಭ್ಯಾಸ ಆಗಿದೆ ಬಿಡಿ" ಎಂದಳು ಅಕ್ಕ. ಭಾವ ಎದ್ದು ಅಂಗಡಿಗೆ ಹೋದರು.

ಆಮೇಲೆ ಯಾರೂ ಆ ಸುದ್ದಿ ತೆಗೆಯಲಿಲ್ಲ. ಗಡುವಿನ ದಿನಗಳು ಒಂದೊಂದಾಗಿ ಕಳೆಯುತ್ತಿದ್ದವು. ಒಂದು ಸಂಜೆ ಭಾವ ನಮ್ಮ ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತರು.

"ನಮ್ಮನೆ ಬಾಗಿಲ ಬೀಗ ನೋಡಿದ್ಯೇನಮ್ಮ?"

"ಏನಾಗಿದೆ ಭಾವ?"

"ಕೀಲಿ ತೂತಿನ ಸುತ್ತ ಗೀರು. ಹೋದ ವರ್ಷ ಎರಡೋ ಮೂರೋ ಇತ್ತು. ಇವತ್ತು ಎಣಿಸೋಕಾಗ್ಲಿಲ್ಲ. ತೂತು ಸಿಗದೆ ಸುತ್ತಲೂ ಗೀರ್ತಾಳೆ. ಒಂದು ಸಲಾನೂ ನನ್ಹತ್ರ ಹೇಳ್ಲಿಲ್ಲ." ಎದ್ದು ನಿಂತು ಕೇಳಿದರು, "ಆ ಪುಸ್ತಕದ ಪ್ರಕಾರ ಇನ್ನೆಷ್ಟು ದಿನ ಇದೆ?"

"ಆರು."

ಮಾರನೆಯ ಬೆಳಿಗ್ಗೆಯೇ ಹೋಗಿ ರುಜು ಹಾಕಿದರು.

ನಾಲ್ಕು ತಿಂಗಳು ಕಂಪನಿಯಿಂದ ಉತ್ತರವಿಲ್ಲ. ಬೆಟ್ಟವೂ ಹೋಯಿತು, ಸಮುದ್ರವೂ ಇಲ್ಲವೆಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ಭಾವ ಮಾತ್ರ ಒಂದು ದಿನವೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಐದನೆಯ ತಿಂಗಳು ಪತ್ರ ಬಂತು. ಯಾರೂ ಹೋಗಲೊಲ್ಲದ, ಗಾಳಿ ಹೆಚ್ಚಿರುವ ಕಾಲದ ವಾರ, ಆದರೂ ಸಮುದ್ರವೇ. ಕೋಣೆಯಲ್ಲಿ ನಾಲ್ವರು ಇರಬಹುದೆಂದು ನನ್ನನ್ನೂ ಕರೆದೊಯ್ದರು.

ದಡದಲ್ಲಿ ಅಕ್ಕ ಸಮುದ್ರಕ್ಕೆ ಮುಖ ಕೊಡದೆ ಪಕ್ಕಕ್ಕೆ ತಿರುಗಿ ನಿಂತಳು. ಕಡಲೆಕಾಯಿ ಮಾರುವವಳು ಕನಿಕರದಿಂದ, "ಯಜಮಾನ್ರ ಮೇಲೆ ಕೋಪಾನಾ ಅಮ್ಮ? ಈ ಕಡೆ ನೋಡಿ" ಎಂದಳು. "ನೋಡ್ತಾನೇ ಇದೀನಿ ಕಣಮ್ಮ" ಎಂದಳು ಅಕ್ಕ. ಕೆನ್ನೆಯಿಂದ ನೋಡುವವಳಂತೆ ಹಾಗೆಯೇ ನಿಂತು, ಕೊನೆಗೆ "ಇಷ್ಟೊಂದಾ!" ಎಂದು ಅಷ್ಟೇ ಹೇಳಿದಳು. ಭಾವ ಮೂರು ಹೆಜ್ಜೆ ಹಿಂದೆ ನಿಂತು ಅವಳನ್ನು ನೋಡುತ್ತಿದ್ದರು; ನೀರಿನ ಕಡೆ ಅವರು ಕಣ್ಣು ಹಾಯಿಸಿದ್ದು ನನಗೆ ನೆನಪಿಲ್ಲ.

ಮೂರನೆಯ ದಿನ ಊಟಕ್ಕೆ ಕೂತಾಗ, ಭಾವ ಇದ್ದಕ್ಕಿದ್ದ ಹಾಗೆ, "ನಮ್ಮ ಬೆಟ್ಟದಲ್ಲಿ ಈಗ ಯಾರಿದಾರೋ. ಬಾಗಿಲು ಸರಿಯಾಗಿ ಎಳ್ಕೊಂಡಿದಾರೋ ಇಲ್ವೋ" ಎಂದರು. ಅಕ್ಕ ನಕ್ಕಳು. ಅವರು ನಗಲಿಲ್ಲ.

ಮರುವರ್ಷ ಮತ್ತೆ ಬೆಟ್ಟಕ್ಕೇ ಹೋದರು. ಆ ಹೊತ್ತಿಗೆ ಅಕ್ಕನಿಗೆ ಬೆಳಕು ಯಾವುದು, ನೆರಳು ಯಾವುದು ಎಂಬಷ್ಟು ಮಾತ್ರ ತಿಳಿಯುತ್ತಿತ್ತು.

ಇಂಥವರು ಕೆಲವರಿರುತ್ತಾರೆ. ಕೊಡುವ ಕೈ ಇವರದಲ್ಲ, ಕಾಯುವ ಕೈ. ತಮ್ಮದೆಂದು ಇರುವುದು ಅತ್ಯಲ್ಪವಾದ್ದರಿಂದ ಅದನ್ನು ಬಿಗಿಯಾಗಿ ಹಿಡಿದಿರುತ್ತಾರೆ. ನೋಡುವವರು ಜಿಪುಣತನವೆನ್ನುತ್ತಾರೆ, ಹಟವೆನ್ನುತ್ತಾರೆ. ಜೀವನದಲ್ಲಿ ಒಂದೋ ಎರಡೋ ಸಲ ಆ ಹಿಡಿತವನ್ನು ಸಡಿಲಿಸಿದರೂ, ಕೊಟ್ಟೆನೆಂಬ ಮಾತು ಅವರ ಬಾಯಲ್ಲಿ ಬರುವುದಿಲ್ಲ. ಬಿಟ್ಟುಕೊಟ್ಟದ್ದು ಅಲ್ಲಿ ಹೇಗಿದೆಯೋ ಎಂಬ ಚಿಂತೆ ಮಾತ್ರ ಬರುತ್ತದೆ. ಪಡೆದವರು ಆ ಚಿಂತೆಯಿಂದಲೇ ಅರ್ಥಮಾಡಿಕೊಳ್ಳಬೇಕು, ತಮಗೆ ಸಿಕ್ಕದ್ದು ಎಷ್ಟು ದೊಡ್ಡದೆಂದು.