ಮಾದಪ್ಪನ ಮುಡಿ

"ಮುಂದ್ಗಡಿಕ ಓಗ್ಬ್ಯಾಡ ಕಣಮ್ಮಿ, ಆ ಬಿಳಿ ಹುಡ್ಗಿ ಇನ್ನೂ ಒಂಟಿಲ್ಲ," ಎಂದು ಅಡುಗೆಯ ಮಹಾಲಕ್ಷ್ಮಮ್ಮ ಚಿಕ್ಕನಿಂಗಮ್ಮನ ಕೈ ಹಿಡಿದು ಹಿತ್ತಿಲ ಬಾಗಿಲಿನಿಂದ ಒಳಗೆಳೆದುಕೊಂಡಳು. "ಅದು ಓಗಗಂಟ ಇಲ್ಲೇ ಕುಂತ್ಕೊ. ಈ ಅವರೆಕಾಯ ಸುಲಿ. ಯಾರಾರು ಕೇಳುದ್ರ ನನ್ನ ಕೈಯಾಳು ಅಂತೀನಿ."

ಚಿಕ್ಕನಿಂಗಮ್ಮನಿಗೆ ಇದು ಹೊಸದೇನಲ್ಲ. ಗುಂಡ್ಲುಪೇಟೆ ದಾಟಿ ಹಂಗಳದ ದಾರಿಯಲ್ಲಿದ್ದ ಈ ತಬ್ಬಲಿ ಮಕ್ಕಳ ಮನೆಗೆ ವರ್ಷವಿಡೀ ಪರದೇಶದವರು ಬರುತ್ತಿದ್ದರು. ಬಂಡೀಪುರದಲ್ಲಿ ಆನೆ ನೋಡಿ, ಊಟಿಗೆ ಹೋಗಿಬಂದು, ನಡುವೆ ಒಂದೆರಡು ವಾರ ಮಕ್ಕಳಿಗೆ ಇಂಗ್ಲಿಷ್ ಹಾಡು ಕಲಿಸಿ, ಗೋಡೆಗೆ ಬಣ್ಣ ಬಳಿದು, ಅತ್ತು ಕರೆದು ಹೋಗುತ್ತಿದ್ದರು. ಇಡೀ ತಾಲ್ಲೂಕಿನಲ್ಲಿ ಇಷ್ಟು ಸಲ ಬಣ್ಣ ಕಂಡ ಗೋಡೆ ಇನ್ನೊಂದು ಇರಲಿಕ್ಕಿಲ್ಲ. ಅವರು ಇರುವಷ್ಟು ದಿನ ಪ್ರಿಯಾಂಕ ತಬ್ಬಲಿ. ಅವರು ಹೋದ ಮೇಲೆ ಮತ್ತೆ ಚಿಕ್ಕನಿಂಗಮ್ಮನ ಮಗಳು. ಮನೆ ನಡೆಸುವ ರಾಜಶೇಖರ್ ಮಗಳನ್ನು ಸೇರಿಸಿಕೊಳ್ಳುವಾಗಲೇ ಇದನ್ನು ಹೇಳಿದ್ದ. ಗಂಡ ತೀರಿಕೊಂಡಿದ್ದ, ಅವಳಿಗೆ ಬದನಗುಪ್ಪೆಯ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಕೂಸನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಹೊತ್ತು ಹೊತ್ತಿಗೆ ಊಟ, ಶಾಲೆ ಎರಡೂ ಸಿಗುವಾಗ ಬಾಯಿಮಾತಿಗೆ ತಬ್ಬಲಿಯಾದರೆ ಯಾರ ಗಂಟು ಹೋಯಿತು ಎಂದುಕೊಂಡು ಅವಳೂ ಒಪ್ಪಿದ್ದಳು. "ನಂಗ ಅವ್ವ ಅವ್ಳ ಅಂತ ಯಾರ್ಗೂ ಅನ್ಬ್ಯಾಡ," ಎಂದು ಮಗಳಿಗೆ ತಾನೇ ಬಾಯಿಪಾಠ ಮಾಡಿಸಿದ್ದಳು.

ಆದರೆ ಇವತ್ತು ಅವಳಿಗೆ ಕುಳಿತಲ್ಲಿ ಕೂರಲು ಆಗುತ್ತಿಲ್ಲ. ಮೂರು ವರ್ಷದ ಹಿಂದೆ ಪ್ರಿಯಾಂಕಳಿಗೆ ಜ್ವರ ನೆತ್ತಿಗೇರಿ, ಚಾಮರಾಜನಗರದ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದಾಗ, ಕೂಸು ಉಳಿದರೆ ಅದರ ತಲೆಗೆ ಕತ್ತರಿ ಸೋಕಿಸದೆ ಬೆಳೆಸಿ ನಿನ್ನ ಬೆಟ್ಟದಲ್ಲೇ ಮುಡಿ ಕೊಡುತ್ತೇನೆ ಎಂದು ಮಾದಪ್ಪನಿಗೆ ಹರಕೆ ಹೊತ್ತಿದ್ದಳು. ಕೂಸು ಉಳಿಯಿತು. ಕೂದಲು ಸೊಂಟದವರೆಗೆ ಬೆಳೆಯಿತು. ರಜೆ ಈಗಷ್ಟೇ ಸಿಕ್ಕಿತ್ತು. ಇವತ್ತು ಮಗಳನ್ನು ಕರೆದುಕೊಂಡು ಹೊರಟರೆ ನಾಳೆ ಬೆಳಿಗ್ಗೆ ಬೆಟ್ಟದಲ್ಲಿ ಮುಡಿ.

ಅವರೆಕಾಯಿ ಹಿಡಿದುಕೊಂಡೇ ಕಿಟಕಿಗೆ ಹೋದಳು. ಜಗಲಿಯ ಮೇಲೆ ಹುಡುಗಿಯರು ಬಿಳಿ ಹುಡುಗಿಯ ಸುತ್ತ ಕುಳಿತು ಹಾಡುತ್ತಿದ್ದರು. ಉದ್ದ ಜಡೆ ಎಲ್ಲೂ ಕಾಣಲಿಲ್ಲ. ಬಂದು ಕುಳಿತಳು, ಮತ್ತೆ ಹೋಗಿ ನೋಡಿದಳು.

"ಅಕ್ಕಯ್ಯ, ನನ್ನ ಕೂಸು ಎಲ್ಲವ್ಳ?"

"ಅಲ್ಲೇ ಕುಂತದಲ್ಲ, ಆ ಬಿಳಿ ಹುಡ್ಗಿ ಕ್ಲಾರಾ ಪಕ್ಕದಲ್ಲಿ," ಎಂದ ಮಹಾಲಕ್ಷ್ಮಮ್ಮ ಒಲೆಯ ಕಡೆ ತಿರುಗಿಕೊಂಡಳು. "ತಲೆ ತುಂಬ ಹೇನಾಗಿತ್ತು ಕಣಮ್ಮಿ. ನಿನ್ನೆ ಆ ಹುಡ್ಗಿನೇ ಕತ್ತರಿಸಿ, ಸ್ಯಾಂಪು ಹಾಕಿ ಉಜ್ತು. ಹೆತ್ತ ತಾಯಿ ತರ ಉಜ್ತು."

ಗಂಡುಹುಡುಗರ ಹಾಗೆ ಕೂದಲು ಕತ್ತರಿಸಿಕೊಂಡು, ಕಿವಿಯ ಮೇಲೊಂದು ನೀಲಿ ಕ್ಲಿಪ್ಪು ಸಿಕ್ಕಿಸಿಕೊಂಡು ಕುಳಿತಿದ್ದ ಮಗುವನ್ನು ಚಿಕ್ಕನಿಂಗಮ್ಮ ಆಗಲೇ ಎರಡು ಸಲ ನೋಡಿದ್ದಳು. ತನ್ನದೆಂದು ಅವಳಿಗೆ ಹೊಳೆದಿರಲಿಲ್ಲ.

"ಜಡೆ ಏನ್ ಮಾಡುದ್ರಿ?"

"ಅದ್ರ ಬ್ಯಾಗ್ನಲ್ಲದ. ಅದ್ರ ಊರಲ್ಲಿ ಕಾಯಿಲೆ ಬಂದು ಬೋಳಾಗಿರೊ ಮಕ್ಕಳ್ಗ ಟೋಪನ್ ಮಾಡ್ತಾರಂತಲ್ಲ, ಅದ್ಕಂತ."

ಹೊರಗೆ ಜೀಪು ಬಂದು ನಿಂತ ಸದ್ದಾಯಿತು. ಚಿಕ್ಕನಿಂಗಮ್ಮ ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ಓಡಾಡಿದಳು. ಜಡೆ ಕೇಳಬೇಕೆಂದರೆ ತಾಯಿಯಾಗಿ ಕೇಳಬೇಕು. ತಾಯಿ ಎಂದು ಹೇಳಿಕೊಂಡರೆ ಮಗಳ ಅನ್ನ, ಶಾಲೆ ಎರಡೂ ಹೋಗುತ್ತವೆ. ಸುಮ್ಮನಿದ್ದರೆ ದೇವರಿಗೆ ಮುಡಿಪಾದದ್ದು ಕಡಲು ದಾಟಿ ಹೋಗುತ್ತದೆ. ಜೀಪಿನ ಬಾಗಿಲು ತೆರೆದದ್ದು ಕೇಳಿಸಿತು. ಸೆರಗಿಗೆ ಕೈ ಒರೆಸಿಕೊಂಡು ಅವಳು ಮುಂದಿನ ಜಗಲಿಗೆ ನಡೆದುಬಿಟ್ಟಳು.

"ಸಾ, ಆ ಜಡೆ ಈಸ್ಕೊಡಿ. ಅದು ಮಾದಪ್ಪನ ಮುಡಿ."

ಕ್ಲಾರಾಳನ್ನು ಬೀಳ್ಕೊಡಲು ನಿಂತಿದ್ದ ರಾಜಶೇಖರನ ಮುಖ ಬಿಳಿಚಿಕೊಂಡಿತು. ಇಂಗ್ಲಿಷ್ ಎಷ್ಟು ಬಂದರೇನು, ಅವನೂ ಇದೇ ಸೀಮೆಯವನು, ಮಾದಪ್ಪನ ಒಕ್ಕಲು. "ಮುಡಿನಾ? ಮೊದ್ಲೇ ಹೇಳ್ಬಾರ್ದಾಗಿತ್ತಾ?" ಎಂದು ಪಿಸುಗುಟ್ಟಿದ. ಯಾರೂ ಇಲ್ಲದ ಕೂಸಿಗೆ ಹರಕೆ ಹೊತ್ತವರು ಎಲ್ಲಿಂದ ಬಂದಾರು? ಅದನ್ನು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ನಾನು ಅದ್ರ ಅವ್ವ ಅಂತ ಆ ಯಮ್ಮಂಗ ಹೇಳಿ ಸಾ. ತಪ್ಪಾಯ್ತು ಅಂತ್ಲೂ ಹೇಳಿ. ಜಡೆ ಒಂದು ಕೊಟ್ಟುಬುಡ್ಲಿ."

ಅವನು ಕ್ಲಾರಾಳ ಕಡೆ ತಿರುಗಿ ಏನೋ ಉದ್ದಕ್ಕೆ ಹೇಳಿದ. ಚಿಕ್ಕನಿಂಗಮ್ಮ ಆ ಹುಡುಗಿಯ ಮುಖವನ್ನೇ ನೋಡುತ್ತಿದ್ದಳು. ಬೆಚ್ಚಲಿಲ್ಲ, ಬೆರಗಾಗಲಿಲ್ಲ, ಪಾಪ ಎನ್ನುವಂತೆ ತಲೆಯಾಡಿಸಿತು ಅಷ್ಟೆ. ತಾನು ಹೇಳಿದ್ದನ್ನು ಈತ ಹೇಳಿಲ್ಲ ಎಂದು ಗೊತ್ತಾಗಲು ಇಂಗ್ಲಿಷ್ ಬೇಕಾಗಿರಲಿಲ್ಲ.

"ನೀನೇ ಹೇಳು ಕೂಸು," ಎಂದಳು ಮಗಳಿಗೆ.

ಕ್ಲಾರಾ ಮಗುವಿನತ್ತ ಬಾಗಿ, ಇವಳತ್ತ ಕೈ ತೋರಿಸಿ ಯಾರೆಂಬಂತೆ ಏನೋ ಕೇಳಿದಳು. ಪ್ರಿಯಾಂಕ ರಾಜಶೇಖರನನ್ನು ನೋಡಿದಳು, ಅವ್ವನನ್ನು ನೋಡಿದಳು. ಕೊನೆಗೆ ನೆಲ ನೋಡಿಕೊಂಡು, "ಕುಕ್ ಆಂಟಿ," ಎಂದಳು.

ತಬ್ಬಲಿ ಕೂಸಿಗೆ ಅಡುಗೆಯವಳು ಹರಕೆ ಹೊತ್ತಿದ್ದಾಳೆ ಎಂದು ರಾಜಶೇಖರ್ ಹೇಳಿದ್ದಿರಬೇಕು, ಕ್ಲಾರಾಳ ಕಣ್ಣು ತುಂಬಿತು. ಬ್ಯಾಗಿನಿಂದ ಜಡೆ ತೆಗೆದಳು. ಎರಡೂ ತುದಿಗೆ ರಬ್ಬರ್ ಹಾಕಿ ಬಿಳಿ ಕಾಗದದಲ್ಲಿ ಅಚ್ಚುಕಟ್ಟಾಗಿ ಸುತ್ತಿದ್ದಳು. ಅದನ್ನು ಚಿಕ್ಕನಿಂಗಮ್ಮನ ಕೈಗಿಟ್ಟು, ಅವಳನ್ನು ಬಿಗಿಯಾಗಿ ತಬ್ಬಿಕೊಂಡು, ಊಟ ಬಲು ಚೆನ್ನಾಗಿತ್ತು ಎಂದು ಬಾಯಿಯ ಬಳಿ ಕೈ ಒಯ್ದು ತೋರಿಸಿದಳು. ಕೆಟ್ಟ ಹುಡುಗಿಯಲ್ಲ. ಬಯ್ಯಲು ಬಂದವಳಿಗೆ ಅದೇ ದೊಡ್ಡ ಸಂಕಟವಾಯಿತು. ಮಕ್ಕಳೆಲ್ಲ ಕೈ ಬೀಸಿದರು, ಜೀಪು ಊಟಿಯ ಕಡೆ ಹೋಯಿತು.

"ಕತ್ತರ್ಸುವಾಗ ಹರಕೆ ಕೂದ್ಲು ಅಂತ ಅನ್ಬಾರ್ದಾಗಿತ್ತ ಕೂಸು?" ಹಿತ್ತಿಲಲ್ಲಿ ಮಗಳನ್ನು ನಿಲ್ಲಿಸಿಕೊಂಡು ಕೇಳಿದಳು. ಹೊಡೆಯಲು ಕೈ ಎತ್ತಿದ್ದಳು.

"ಅಂದಿದ್ರ ಯಾರು ಹರಕೆ ಹೊತ್ತೋರು ಅಂತ ಕೇಳೋರು," ಎಂದಳು ಪ್ರಿಯಾಂಕ. "ಅವ್ವ ಅನ್ಬೇಕಾಗದು. ನೀನೇ ತಾನೇ ಅನ್ಬ್ಯಾಡ ಅಂದಿದ್ದು?"

ಚಿಕ್ಕನಿಂಗಮ್ಮ ಕೈ ಇಳಿಸಿದಳು. ಮಗಳ ಮೇಲಿನ ಸಿಟ್ಟು ಹೋಗಿ ತನ್ನ ಮೇಲೆಯೇ ಬಂತು.

"ಬಟ್ಟೆ ತಕೊ. ಓಗನ. ಉಳ್ದಿರೋದ್ನ ಬೆಟ್ಟದಲ್ಲಿ ತೆಗ್ಸನ."

ಗೇಟಿನ ಹತ್ತಿರ ರಾಜಶೇಖರ್ ಕಾಯುತ್ತಿದ್ದ. ಒಂದು ನಾಣ್ಯವನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ ಅವಳಿಗೆ ಕೊಟ್ಟ. "ತಪ್ಪುಕಾಣಿಕೆ. ನನ್ನ ಹೆಸರು ಹೇಳಿ ಹುಂಡಿಗೆ ಹಾಕಮ್ಮ," ಎಂದ. ದೇವರ ಭಯ ನಿಜವಾದದ್ದೇ. ಆದರೂ ಅವನ ಮಾತು ಮುಗಿದಿರಲಿಲ್ಲ. "ಮುಂದಿನ ವಾರ ಹಾಲೆಂಡಿನವರು ಬರ್ತಾರೆ. ಮಗು ತಲೆ ಯಾರು ಬೋಳಿಸಿದ್ರು ಅಂತ ಕೇಳಿದ್ರೆ ಏನು ಹೇಳ್ಲಿ?"

"ಅವ್ರವ್ವ ಅನ್ನಿ ಸಾ."

"ಹಾಗಂದ್ರೆ ಇಲ್ಲಿ ಜಾಗ ಇರಲ್ಲಮ್ಮ. ಯೋಚ್ನೆ ಮಾಡು."

ಅವಳು ಯೋಚನೆ ಮಾಡಿದಳು. ನಾಳಿದ್ದು ಎರಡನೇ ಪಾಳಿ. ಬಾಡಿಗೆ ಕೋಣೆಗೆ ಗಟ್ಟಿಯಾದ ಚಿಲಕವೂ ಇಲ್ಲ. ಶಾಲೆ ಯಾವುದು, ಸಂಜೆ ಕೂಸು ಯಾರ ಜೊತೆ, ಒಂದೂ ಗೊತ್ತಿರಲಿಲ್ಲ. ಕಾಣಿಕೆಯ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಗಳ ಕೈ ಹಿಡಿದು ರಸ್ತೆಗೆ ಇಳಿದಳು.

ಗುಂಡ್ಲುಪೇಟೆಯಲ್ಲಿ ಚಾಮರಾಜನಗರದ ಬಸ್ಸು ಹಿಡಿದರು. ಕಿಟಕಿ ಪಕ್ಕ ಮಗಳು ಕುಳಿತಳು. ಚಿಕ್ಕನಿಂಗಮ್ಮ ಜಡೆಯ ಪೊಟ್ಟಣವನ್ನು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಬದಲಾಯಿಸುತ್ತ, ಇಳಿದುಬಿಡಲೇ, ವಾಪಸ್ಸು ಬಿಟ್ಟು ಬರಲೇ ಎಂದು ಒದ್ದಾಡುತ್ತಿದ್ದಳು. ಊರು ದಾಟುವುದರೊಳಗೆ ಕಂಡಕ್ಟರ್ ಬಂದ. ಅವಳ ಆಧಾರ್ ಕಾರ್ಡು ನೋಡಿ ಸೊನ್ನೆ ಟಿಕೆಟ್ ಹರಿದುಕೊಟ್ಟು, ಮಗುವಿನ ತಲೆ ನೋಡಿದ.

"ಗಂಡುಮಕ್ಕಳಿಗೆ ಫ್ರೀ ಇಲ್ಲ ಕಣಮ್ಮ. ಹುಡುಗನಿಗೆ ಅರ್ಧ ಟಿಕೆಟ್ ತಗೊ. ನಿನ್ನ ಮಗ ತಾನೇ?"

ಚಿಕ್ಕನಿಂಗಮ್ಮ ಬಾಯಿ ತೆರೆಯುವಷ್ಟರಲ್ಲಿ ಪ್ರಿಯಾಂಕ ಸೀಟಿನಿಂದ ಎದ್ದು ನಿಂತುಬಿಟ್ಟಿದ್ದಳು.

"ಮಗ ಅಲ್ಲ ಸಾ, ಮಗಳು!" ಹಿಂದಿನ ಸೀಟಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿದಳು. "ಇವ್ಳು ನಮ್ಮವ್ವ."

ಕಂಡಕ್ಟರ್ ನಕ್ಕು ಇನ್ನೊಂದು ಸೊನ್ನೆ ಟಿಕೆಟ್ ಹರಿದ. ಪ್ರಿಯಾಂಕ ಅದನ್ನು ಅವ್ವನಿಗೆ ಕೊಡದೆ ತನ್ನ ಮುಷ್ಟಿಯಲ್ಲೇ ಇಟ್ಟುಕೊಂಡು ಕುಳಿತಳು.