ಎಡಗಿವಿಯ ಎರಡು ಕಚ್ಚು

ಎಂಟನೆಯ ವಯಸ್ಸಿನಲ್ಲಿ ಉದಗೀರದ ಅನಾಥಾಶ್ರಮದ ಗೋಡೆ ಹಾರಿ, ಬರಿಗಾಲಲ್ಲಿ ನಡೆದು, ತುರೋರಿಯ ತನ್ನ ಮನೆಯನ್ನು ತಾನೇ ಹುಡುಕಿಕೊಂಡವನು ಬಕ್ಕಪ್ಪ. ನಿಲಂಗಾದ ಸಂತೆಯಲ್ಲಿ ಒಂದು ಕುರಿಹಿಂಡಿನ ಕಿವಿಗಳನ್ನು ಕಂಡು ಅವನು ನಿಂತುಬಿಟ್ಟಿದ್ದ. ಎಡಗಿವಿಗೆ ಎರಡು ಕಚ್ಚು, ಬಲಗಿವಿಗೆ ಒಂದು ತೂತು. ಬೀರಪ್ಪನ ಒಕ್ಕಲಾದ ಕುರಿಗಾರರಲ್ಲಿ ಮನೆತನಕ್ಕೊಂದು ಗುರುತು. ಒಬ್ಬರದನ್ನು ಇನ್ನೊಬ್ಬರು ಹಾಕರು. ಆ ಹಿಂಡಿನ ಬೆನ್ನು ಹತ್ತಿ ಹೋದವನು ಗುಂಡಮ್ಮನ ಅಂಗಳ ಮುಟ್ಟಿದ. ರಜಾಕಾರರ ಗದ್ದಲದಲ್ಲಿ ಗಂಡನನ್ನೂ ನಾಲ್ಕು ವರ್ಷದ ಮಗನನ್ನೂ ಕಳೆದುಕೊಂಡಿದ್ದ ಆಕೆ ಕೇಳಿದ್ದು ಒಂದೇ ಮಾತು: ನಮ್ಮ ಗುರುತು ಯಾವುದು? ಹುಡುಗ ತಡವರಿಸದೆ ಹೇಳಿದ. ಅಷ್ಟು ಸಾಕಾಯಿತು.

ಎಪ್ಪತ್ತು ವರ್ಷ ಈ ಕಥೆಯನ್ನು ಹೇಳುತ್ತಲೇ ಬಕ್ಕಪ್ಪ ಊರಿಗೆ ಹಿರಿಯನಾದ. ಕೊನೆಗೆ ಅವನನ್ನು ಹಿಡಿದು ಕೊಟ್ಟದ್ದೂ ಅದೇ ಕಥೆ.

ಮೊಮ್ಮಗಳು ಕಾಜಲಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಅದು ಉಳಿಯಬೇಕಾದರೆ ಜಾತಿಯ ವ್ಯಾಲಿಡಿಟಿ ಪ್ರಮಾಣಪತ್ರ ಬೇಕು. ಅದಕ್ಕೆ ತಂದೆಯ ಕಡೆಯ ಹಿರಿಯರದೊಂದು ಹಳೆಯ ದಾಖಲೆ ಬೇಕು. ಹಿಂಡಿನ ಹಿಂದೆ ತಿರುಗಿದವರಿಗೆ ಶಾಲೆಯ ದಾಖಲೆಯಿಲ್ಲ. ಉಮರ್ಗಾದ ತಹಸೀಲು ಕಚೇರಿಯಲ್ಲಿ ಹುಡುಕಿದರೆ ತುರೋರಿಯ ಆ ವರ್ಷಗಳ ಜನನ ವಹಿಯೇ ಇಲ್ಲ. ಆಗ ಆಕೆಗೆ ಆಶ್ರಮ ನೆನಪಾಯಿತು.

ರಜಿಸ್ಟರನ್ನು ಎಂದೋ ಹುಳು ತಿಂದಿರಬೇಕು ಎಂದು ಬಕ್ಕಪ್ಪ ವಾದಿಸಿದ. ಮಂಡಿನೋವಿನ ನೆಪವನ್ನೂ ಹೇಳಿ ನೋಡಿದ.

"ಗ್ವಾಡಿ ಹಾರಿದಂವಾ ಈಗ ಬಸ್ ಏರಲಿಕ್ಕ ಅಂಜ್ತಿಯೇನು ಮುತ್ಯಾ?" ಎಂದು ನಕ್ಕಳು ಕಾಜಲ.

ಆಶ್ರಮದ ಕಚೇರಿಯಲ್ಲಿ ಮೀನಲ ಎಂಬ ಹೆಣ್ಣುಮಗಳು ಕೆಂಪು ಬಟ್ಟೆಯ ಗಂಟು ಬಿಚ್ಚಿ, ಮರಾಠಿಯಲ್ಲಿ ಬರೆದ ರಜಿಸ್ಟರನ್ನು ಕಾಜಲಳ ಮುಂದಿಟ್ಟಳು. ಹುಳು ತಿಂದಿರಲಿಲ್ಲ.

"ಸಿಕ್ತು ಮುತ್ಯಾ! ಬಕ್ಕಪ್ಪ, ತಂದಿ ರೇವಣಸಿದ್ಧ, ಜಾತಿ ಧನಗರ, ಊರು ತುರೋರಿ. ಬಲ ಮೊಣಕಾಲಿಗೆ ಸುಟ್ಟ ಕಲಿ." ಸಾಲಿನ ಕೊನೆಗೆ ಬಂದ ಬೆರಳು ನಿಂತಿತು. ಮುಂದಿನದನ್ನು ಆಕೆ ತಗ್ಗಿದ ದನಿಯಲ್ಲಿ ಓದಿದಳು. ದೇವಿ ಬೇನೆಯಿಂದ ಮೃತ.

ಅದರ ಕೆಳಗೆ ಇನ್ನೊಂದು ಸಾಲಿತ್ತು. ಹೆಸರು ಪಂಡಿತ; ತಂದೆ, ತಾಯಿ, ಜಾತಿ, ಊರು ಗೊತ್ತಿಲ್ಲ. ಬಕ್ಕಪ್ಪ ಸತ್ತ ಹನ್ನೆರಡನೆಯ ದಿನ ಓಡಿಹೋದ.

ಕಾಜಲ ಮುದುಕನ ಬಲ ಮೊಣಕಾಲನ್ನು ನೋಡಿದಳು. ಧೋತರ ಮೇಲೆ ಸರಿದಿತ್ತು. ಚರ್ಮ ಸುಕ್ಕುಗಟ್ಟಿತ್ತು, ಕಲೆಯಿರಲಿಲ್ಲ.

ಆಶ್ರಮದಲ್ಲಿ ಒಂದೇ ಚಾಪೆಯ ಮೇಲೆ ಸಿಡುಬಿನ ಜ್ವರದಲ್ಲಿ ಬೇಯುತ್ತಿದ್ದ ಗೆಳೆಯ ಮನೆಯ ಗುರುತನ್ನು ಮತ್ತೆ ಮತ್ತೆ ಬಡಬಡಿಸುತ್ತಿದ್ದ. ತನ್ನದೆಂಬುದು ಏನೂ ಇರದ ಪಂಡಿತ ಅದನ್ನು ಕಲಿತುಕೊಂಡ; ಗೆಳೆಯ ಹೋದಮೇಲೆ ಅವನ ಹೆಸರನ್ನೂ ತೊಟ್ಟುಕೊಂಡ. ಈ ಕಳವನ್ನು ಬಲ್ಲವನು ತಾನೊಬ್ಬನೇ ಎಂದು ಮುದುಕ ಈವರೆಗೆ ತಿಳಿದಿದ್ದ.

ಆದರೆ ಕಲೆಯ ಮಾತು ಅವನಿಗೂ ಹೊಸದು. ಬಂದ ದಿನ ಗುಂಡಮ್ಮ ಅವನಿಗೆ ಬಿಸಿನೀರು ಹಾಕಿದ್ದಳು. ಮೈಯುಜ್ಜುತ್ತಿದ್ದ ಆಕೆಯ ಕೈ ಬಲ ಮೊಣಕಾಲಿನ ಮೇಲೆ ಬಹಳ ಹೊತ್ತು ನಿಂತಿತ್ತು. ಆಮೇಲೆ ಆಕೆ ನೀರು ಸುರಿದಳು. ಮರುದಿನ ಬೆಳಗ್ಗೆ ಕೈಗೆ ಕೋಲು ಕೊಟ್ಟು ಹಿಂಡಿನ ಹಿಂದೆ ಅಟ್ಟಿದಳು. ಹಾಗಾದರೆ ಮೋಸಹೋದವಳು ಆಕೆಯಲ್ಲ. ಆಕೆಗೆ ಬೇಕಾಗಿದ್ದದ್ದು ಕುರಿ ಕಾಯಲು ಒಂದು ಜೀವ, ಸಿಕ್ಕಿತು, ಇಟ್ಟುಕೊಂಡಳು. ತನ್ನ ಮಗ ಏನಾದ ಎಂದು ಸಾಯುವವರೆಗೂ ಆಕೆ ಕೇಳಲಿಲ್ಲ. ಅವನೂ ಹೇಳಲಿಲ್ಲ.

ದೃಢೀಕೃತ ನಕಲು ಬೇಕೇ ಎಂದು ಮೀನಲ ವಿಚಾರಿಸಿದಳು. ಬೇಡವೆಂದು ಕಾಜಲ ರಜಿಸ್ಟರ್ ಮುಚ್ಚಿದಳು. ಕಾಗದ ಸಲ್ಲಿಸಲು ಇನ್ನು ನಾಲ್ಕೇ ದಿನ ಉಳಿದಿದ್ದವು.

ನಿಲಂಗಾದ ಬಸ್‌ಸ್ಟ್ಯಾಂಡಿನಲ್ಲಿ ಉಮರ್ಗಾದ ಬಸ್ಸಿಗೆ ಕಾಯುತ್ತ ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತರು. ಆಕೆಯ ತೊಡೆಯ ಮೇಲೆ ಖಾಲಿ ಫೈಲಿತ್ತು. ಬೈದರೆ ಬೈಯಲಿ ಎಂದು ಅವನು ತಲೆ ತಗ್ಗಿಸಿದ್ದ.

"ಮುತ್ಯಾ, ಆ ಕಥಿ ಇನ್ನೊಮ್ಮೆ ಹೇಳು."

"ಯಾವ ಕಥಿ?"

"ಕಿವಿ ಕಚ್ಚಿಂದು. ಸಂತಿಯಿಂದ ಬ್ಯಾಡ. ಆಶ್ರಮದಾಗ ಆ ಹುಡುಗ ಬ್ಯಾನಿ ಬಿದ್ದು ಮಲಗಿದ್ನಲ್ಲ, ಅಲ್ಲಿಂದ ಹೇಳು."