ಗುಂಡು ಮಗಳದು, ಮಾತು ಅಪ್ಪನದು

ಅಮೆರಿಕದ ನೆಬ್ರಾಸ್ಕ ರಾಜ್ಯದ ಹೈಸ್ಕೂಲು ಹುಡುಗಿಯರಲ್ಲಿ ಜೋಸಿ ಕೊವಾರಿಕ್ ಗುಂಡು ಎಸೆತಕ್ಕೆ ಹೆಸರಾದವಳು. ಅವಳಪ್ಪ ಡ್ವೇನ್ ಮಾತಿಗೆ ಹೆಸರಾದವನು. ಅವನ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಗೆ ಒಂದು ಬೋಲ್ಟು ಕೇಳಿಕೊಂಡು ಬಂದವರೂ ಮಗಳ ವಿಡಿಯೊ ನೋಡದೆ ವಾಪಸು ಹೋಗುವಂತಿರಲಿಲ್ಲ. ಅದಕ್ಕೇ, ಒಂದು ಕಾಲೇಜಿನ ಕೋಚ್ ಜೋಸಿಯನ್ನು ಮಾತುಕತೆಗೆ ಕರೆದಾಗ, ಅಮ್ಮ ಗಂಡನಿಗೆ ಮೊದಲೇ ತಾಕೀತು ಮಾಡಿದಳು.

"ಡ್ವೇನ್, ಕೋಚ್ ಮಾತಾಡ್ಬೇಕಿರೋದು ಜೋಸಿ ಹತ್ರ. ನೀನು ಇದನ್ನ ಬಾಯಿಗೆ ತುರುಕ್ಕೊಂಡು ಸುಮ್ನೆ ಕೂತಿರು," ಎಂದು ಜಾಮ್ ತುಂಬಿದ ಕೊಲಾಚೆ ಬನ್ನುಗಳ ಡಬ್ಬಿ ಕೊಟ್ಟಳು.

ಡಬ್ಬಿ ದಾರಿಯಲ್ಲೇ ಖಾಲಿಯಾಯಿತು.

ಕೋಚ್ ಪೈಕ್ ಐವತ್ತು ದಾಟಿದ, ಅಳೆದು ಮಾತಾಡುವ ಹೆಂಗಸು. "ಏನು ಓದ್ಬೇಕು ಅಂತಿದ್ದೀಯಮ್ಮ?" ಎಂದು ಜೋಸಿಯನ್ನು ಕೇಳಿದಳು.

"ಪಶುವೈದ್ಯೆ ಆಗ್ತಾಳೆ," ಎಂದ ಡ್ವೇನ್. "ಹಸು ಕರು ಅಂದ್ರೆ ಇವಳಿಗೆ ಪ್ರಾಣ."

"ಸೋತ್ರೆ ಏನು ಮಾಡ್ತೀಯ?"

"ಇವಳು ಸೋಲೋದೇ ಇಲ್ಲ ಕೋಚ್!"

ಪೈಕ್ ಪೆನ್ನು ಕೆಳಗಿಟ್ಟಳು. ಜೋಸಿಯ ಕಿವಿ ಬಿಸಿಯಾಯಿತು.

"ಅಪ್ಪಾ, ನನ್ನ ಜಾಕೆಟ್ ಗಾಡೀಲೇ ಉಳೀತು. ತಂದ್ಕೊಡ್ತೀಯಾ?"

"ಮೈಮೇಲೇ ಇದೆಯಲ್ಲೇ!"

"ಇನ್ನೊಂದು."

"ಇನ್ನೊಂದು ತಂದೇ ಇಲ್ವಲ್ಲ."

"ಹೋಗಿ ನೋಡು ಅಪ್ಪಾ."

ಡ್ವೇನ್‌ಗೆ ಈಗ ಅರ್ಥವಾಯಿತು. ಟೋಪಿ ತಲೆಗೇರಿಸಿಕೊಂಡು ಹೊರನಡೆದ.

"ನಾನು ಸೋತಿದ್ದೀನಿ ಕೋಚ್," ಎಂದಳು ಜೋಸಿ. "ಹೋದ ವರ್ಷ ರಾಜ್ಯ ಕೂಟದಲ್ಲಿ ಎಲ್ಲಾ ಎಸೆತಾನೂ ಫೌಲ್. ಬಸ್ಸಿನ ಹಿಂದೆ ನಿಂತ್ಕೊಂಡು ಅತ್ತುಬಿಟ್ಟೆ. ಆಮೇಲೆ ಗೆದ್ದವಳ ಹತ್ರಾನೇ ಹೋಗಿ, ಕಾಲು ಹೇಗೆ ತಿರುಗಿಸ್ತೀಯ ಅಂತ ಕೇಳ್ದೆ. ಮತ್ತೆ... ನಂಗೆ ಹಸು ಅಂದ್ರೆ ಭಯ. ಗಣಿತದ ಟೀಚರ್ ಆಗೋ ಆಸೆ. ಅಪ್ಪನಿಗೆ ಹೇಳಿಲ್ಲ."

ಪೈಕ್ ಜೋರಾಗಿ ನಕ್ಕಳು. "ಅರ್ಧ ಫೀಸು ನಾವು ನೋಡ್ಕೋತೀವಿ. ನಮ್ಮ ತಂಡಕ್ಕೆ ಬರ್ತೀಯಾ?"

ಹೂಂ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಜೋಸಿ ಅದನ್ನು ನುಂಗಿಕೊಂಡಳು. "ಮೊದ್ಲು ನಿಮ್ಮ ಹುಡುಗೀರ ಜೊತೆ ಊಟ ಮಾಡ್ಲಾ? ನೀವಿಲ್ದೆ?"

"ನನ್ನ ಮೇಲಿನ ಚಾಡಿ ಕೇಳೋಕಾ?"

"ಹೌದು ಕೋಚ್."

"ಹೋಗು, ಹೊಟ್ಟೆ ತುಂಬ ಕೇಳು."

ಊಟದ ಮೇಜಿನಲ್ಲಿ ಚಾಡಿಗೇನೂ ಬರವಿರಲಿಲ್ಲ. ಬೆಳಕು ಹರಿಯುವ ಮುಂಚೆಯೇ ಭಾರ ಎತ್ತಿಸುತ್ತಾಳೆ, ಹಾಡು ಹಾಕಲು ಬಿಡುವುದಿಲ್ಲ, ಅವಳ ಜೋಕಿಗೆ ಅವಳೊಬ್ಬಳೇ ನಗುವುದು. ಆದರೆ ಮರೀಸೋಲ್ ಎಂಬ ಹುಡುಗಿ ಮಂಡಿಯ ಮೇಲಿನ ಹೊಲಿಗೆಯ ಗುರುತು ತೋರಿಸಿದಳು. "ಇದಾದ್ಮೇಲೆ ಇಡೀ ವರ್ಷ ಒಂದು ಗುಂಡೂ ಮುಟ್ಟಿಲ್ಲ ಕಣೇ. ಆದ್ರೂ ಕೋಚ್ ನನ್ನ ಫೀಸು ಕಟ್ಟೋದು ನಿಲ್ಲಿಸ್ಲಿಲ್ಲ. ಬೈಕೊಂಡೇ ತನ್ನ ಕಾರಲ್ಲಿ ಕ್ಲಾಸಿಗೆ ಬಿಡ್ತಿದ್ಳು."

ಜೋಸಿ ನೇರವಾಗಿ ಹೋಗಿ ಕೋಚ್‌ನ ಕೈ ಕುಲುಕಿದಳು.

ಡ್ವೇನ್ ಗಾಡಿಯಲ್ಲಿ ಉಗುರು ಕಚ್ಚುತ್ತ ಕೂತಿದ್ದ. "ಏನಾಯ್ತೇ? ನಾನು ಕೆಡಿಸಿಬಿಟ್ನಾ?"

"ಬರ್ತೀನಿ ಅಂದೆ. ಅರ್ಧ ಫೀಸು ಅವರದ್ದೇ. ಆದ್ರೆ ಅಪ್ಪಾ, ನಾನು ಹಸು ಡಾಕ್ಟ್ರಾಗಲ್ಲ. ಗಣಿತದ ಟೀಚರ್ ಆಗ್ತೀನಿ."

ಅವನು ಸ್ಟಿಯರಿಂಗ್ ಬಿಟ್ಟು ಅವಳತ್ತ ತಿರುಗಿದ. "ಮೊದ್ಲೇ ಹೇಳ್ಬಾರ್ದಿತ್ತಾ?"

"ಯಾವಾಗ ಹೇಳ್ಲಿ? ನೀನು ಉಸಿರು ತಗೊಂಡ್ರೆ ತಾನೆ!"

ಡ್ವೇನ್‌ಗೆ ಮೊದಲು ಕೋಪ ಬಂತು, ಆಮೇಲೆ ನಗು ಬಂತು. ನಗು ನಿಂತಾಗ ಕಣ್ಣೊರೆಸಿಕೊಂಡು ಗಾಡಿ ಹೊರಡಿಸಿದ.

ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಅವನು ಕೌಂಟರಿನ ಹೆಂಗಸಿಗೆ ಹಣ ಕೊಡುತ್ತ, "ಇವಳು ನನ್ನ ಮಗಳು. ಗಣಿತದ ಟೀಚರ್ ಆಗ್ತಾಳೆ," ಎಂದು ಶುರುಮಾಡಿದ. ಜೋಸಿ ತಡೆಯಲಿಲ್ಲ. ಪಕ್ಕದಲ್ಲಿ ನಿಂತು ಪಾಪ್‌ಕಾರ್ನ್ ಮೆಲ್ಲುತ್ತ, ಹಿಂದೆ ಸಾಲಿನಲ್ಲಿ ಕಾಯುತ್ತಿದ್ದವರಿಗೂ ಒಂದೊಂದು ಹಿಡಿ ಕೊಟ್ಟಳು.